ಮೂರನೆಯ ಪೆಟ್ಟು

ಫೆಬ್ರವರಿ 4, ಮಂಗಳವಾರ

ಬೆಳಿಗ್ಗೆಯಿಂದ ಒಬ್ಬನನ್ನೇ ಕೊಲ್ಲುತ್ತಿದ್ದೇನೆ. ಸಾಯುತ್ತಿಲ್ಲ.

ನಾನು ಸಂಗೀತ ಹಾಕುತ್ತಿರುವ ವಿಡಿಯೋ ಗೇಮ್‌ನ ಬೋಳುತಲೆ ರೌಡಿ. ಅವನ ತಲೆಯನ್ನು ಗೋಡೆಗೆ ಜಜ್ಜಿದಾಗ ಬರುವ ನನ್ನ ಡ್ರಮ್ಮು ರಟ್ಟಿನ ಡಬ್ಬ ಬಡಿದ ಹಾಗಿದೆ. ಕಂಪನಿಯ ಡೈರೆಕ್ಟರ್ — ಹೆಸರು ಬರೆಯುವಷ್ಟು ಪ್ರೀತಿಯಿಲ್ಲ, ಗಡಿಬಿಡಿ ಎನ್ನೋಣ — ವಿಡಿಯೋ ಕಾಲ್‌ನಲ್ಲಿ ಕೂಗಾಡಿದ. "ಪೆಟ್ಟು ಸಾಲ್ದು ಮೇಷ್ಟ್ರೇ! ಆಡೋನಿಗೆ ತನ್ನ ಮೂಳೆನೇ ಮುರಿದ ಹಾಗಾಗ್ಬೇಕು."

ಸೀರಿಯಲ್ಲೇ ಸುಖವಾಗಿತ್ತು. ಅತ್ತೆ ಸೊಸೆಯ ಕೆನ್ನೆಗೆ ಬಾರಿಸಿದರೆ ಮೂರು ಸಲ ಮುಖ, ಮೂರು ಸಲ ಢಂ, ಜಾಹೀರಾತು. ಸಿನಿಮಾ ಕೂಡ ಪರವಾಗಿಲ್ಲ, ಹೊಡೆತ ಎಲ್ಲಿ ಬೀಳುತ್ತದೆಂದು ಮೊದಲೇ ಗೊತ್ತು. ಗೇಮ್‌ನಲ್ಲಿ ಅದೇ ಗೊತ್ತಿಲ್ಲ. ಯಾವಾಗ ಶುರು, ಯಾವಾಗ ನಿಲ್ಲುವುದು — ಎಲ್ಲ ಆಡುವವನ ಮರ್ಜಿ. ಸಂಗೀತ ಸುತ್ತುತ್ತ ಸುತ್ತುತ್ತ ಕಾಯುತ್ತಿರಬೇಕು.

ತಲೆ ಕೆಟ್ಟು ಡ್ರಮ್ ಕೋಲನ್ನು ಗೋಡೆಗೆ ಎಸೆದೆ. ಮುರಿಯಿತು. ಆ ಸದ್ದೂ ಚೆನ್ನಾಗಿರಲಿಲ್ಲ.

ಫೆಬ್ರವರಿ 6, ಗುರುವಾರ

ಸಿಕ್ಕಿತು! ಮಧ್ಯಾಹ್ನ ಹೆಡ್‌ಫೋನ್ ತೆಗೆದಿಟ್ಟಿದ್ದೆ. ಮೇಲಿನಿಂದ — ಧಡ್. ಹೊಟ್ಟೆಯೊಳಗೆ ಇಳಿಯುವ ಸದ್ದು, ಕೊನೆಗೆ ಸಣ್ಣದೊಂದು ಕಬ್ಬಿಣದ ಗುಂಯ್.

ಮೇಲಿರುವುದು ಅಕ್ಕನ ಮನೆ. ಅವರ ಕಾರ್ ಶೆಡ್ಡೇ ನನ್ನ ಸ್ಟುಡಿಯೋ. ಸದ್ದು ತಡೆಯಲು ಸೂರಿಗೆ ಸ್ಪಂಜ್ ಹೊಡೆಸಿಕೊಟ್ಟವರೂ ಭಾವನೇ. ಊಟಕ್ಕೆ ಹೋದಾಗ ಭಾವನನ್ನು ಕೇಳಿದೆ, ಏನು ಆ ಸದ್ದು ಎಂದು.

"ಅದಾ? ಬೀರು ಬಾಗಿಲು ಹಿಡ್ಕೊಂಡಿದೆ ಕಣಪ್ಪ. ಒದ್ರೇನೇ ಮುಚ್ಕೊಳ್ಳೋದು."

ಭಾವ ಡ್ರೈವಿಂಗ್ ಸ್ಕೂಲ್ ನಡೆಸುವವರು. ಅರ್ಧ ಊರಿಗೆ ಬ್ರೇಕ್ ಒತ್ತಲು ಕಲಿಸಿದ ತಾಳ್ಮೆ ಅವರದು.

"ನಾಳೆ ಮೈಕ್ ಹಾಕ್ಕೊಂಡು ಕೂತಿರ್ತೀನಿ ಭಾವ. ಜೋರಾಗಿ ಒದೀರಿ, ಎರಡು ಮೂರು ಸಲ."

"ಅದೇನ್ ಮಹಾ? ಬಾಮೈದ ಬಾಯಿಬಿಟ್ಟು ಕೇಳಿದ್ಮೇಲೆ ಇಲ್ಲ ಅನ್ನೋಕಾಗುತ್ತಾ?"

ನಕ್ಕರು. ನಾನೂ ನಕ್ಕೆ. ನೀರು ತರಲು ಒಳಗೆ ಹೋದ ಅಕ್ಕ ಬರಲೇ ಇಲ್ಲ. ನಾನೇ ಎದ್ದು ಹೋಗಿ ಕುಡಿದೆ.

ಫೆಬ್ರವರಿ 7, ಮಧ್ಯಾಹ್ನ

ಭಾವ ಮಾತಿಗೆ ತಪ್ಪುವವರಲ್ಲ. ಸೂರಿಗೇ ಮೈಕ್ ಅಂಟಿಸಿ ಕೂತಿದ್ದೆ. ಧಡ್. ಧಡ್. ಸ್ವಲ್ಪ ಬಿಟ್ಟು ಮೂರನೆಯದು — ಎಲ್ಲಕ್ಕಿಂತ ಜೋರು, ಆದರೆ ತಾಳಕ್ಕೆ ಕೂರುವುದಿಲ್ಲ. ಅದನ್ನು ಕತ್ತರಿಸಿ ಬಿಸಾಡಿದೆ. ಹಿಂದೆ ಏನೋ ಕೊಸಕೊಸ, ಗಲೀಜು. ಟಿವಿ ಇರಬೇಕು. ಅದನ್ನೂ ಸೋಸಿ ತೆಗೆದೆ. ಉಳಿದದ್ದು ಅಪ್ಪಟ ಚಿನ್ನ.

ಭಾವ ಹೊರಗೆ ಹೋಗುವಾಗ ಕಿಟಕಿಗೆ ಬಗ್ಗಿ, "ಸಿಕ್ತಾ?" ಎಂದರು. ಹೆಬ್ಬೆರಳು ಎತ್ತಿ ತೋರಿಸಿದೆ.

ಫೆಬ್ರವರಿ 12

ಗಡಿಬಿಡಿ ಕುರ್ಚಿಯಿಂದೆದ್ದು ಕುಣಿದ. "ಹಲ್ಲು ಉದುರಿದ ಹಾಗಾಯ್ತು ಮೇಷ್ಟ್ರೇ!" ಇಡೀ ಗೇಮ್‌ಗೆ ಇದೇ ಪೆಟ್ಟಂತೆ. ಮುಂದಿನ ಎರಡು ಗೇಮೂ ನನಗೇ ಅಂತೆ. ವರ್ಷಗಟ್ಟಲೆ ಸೀರಿಯಲ್ಲಿಗೆ ಢಂ ಹೊಡೆದವನ ಅದೃಷ್ಟ ಕೊನೆಗೂ ಖುಲಾಯಿಸಿತು.

ಅಕ್ಕನಿಗೆ ಹೇಳಬೇಕು. ಐದಾರು ದಿನದಿಂದ ಕೆಳಗಿಳಿದಿಲ್ಲ, ಜ್ವರವಂತೆ. ನನ್ನ ಊಟ ಭಾವನೇ ತಂದುಕೊಡುತ್ತಿದ್ದಾರೆ. ದೇವರಂಥ ಮನುಷ್ಯ.

ಫೆಬ್ರವರಿ 19, ಸಂಜೆ

ನಡೆದದ್ದನ್ನು ನಡೆದ ಹಾಗೇ ಬರೆಯಬೇಕು.

ಅಕ್ಕ ಕಾಫಿ ತಂದಳು. ಲೋಟ ಎಡಗೈಯಲ್ಲಿ. ಮುಖ ಇಳಿದಿತ್ತು. ಜ್ವರದ ಸುಸ್ತು ಎಂದುಕೊಂಡೆ. "ಕೂತ್ಕೋ, ನಿನ್ ತಮ್ಮನ ಪ್ರತಾಪ ಕೇಳು" ಎಂದು ಸ್ಪೀಕರ್ ಜೋರು ಮಾಡಿದೆ. ಧಡ್, ಧಡ್. ಸುತ್ತಿ ಬಂದು ಮತ್ತೆ ಧಡ್, ಧಡ್.

ಕೂರಲಿಲ್ಲ. ಪ್ರತಿ ಸಲ ಎರಡಾದ ಮೇಲೆ ಕಣ್ಣು ಮುಚ್ಚಿ, ಹೆಗಲು ಕುಗ್ಗಿಸಿ ಕಾಯುತ್ತಿದ್ದಳು. ಕೊನೆಗೆ, "ಮೂರನೇದು ಎಲ್ಲಿ?" ಎಂದಳು.

"ಯಾವ ಮೂರನೇದು?"

"ಮೂರನೇದಕ್ಕೇ ಕಣೋ ನಿಲ್ಲೋದು. ಅದು ಬೀಳೋವರೆಗೂ ನಿಲ್ಲಲ್ಲ."

ಲೋಟ ಇಟ್ಟು ಮೇಲೆ ಹೋದಳು. ಬೀರು ಬಾಗಿಲಿನ ಸದ್ದಿಗೆ ಯಾರಾದರೂ ಹೀಗೆ ಕುಗ್ಗುತ್ತಾರೆಯೇ?

ಮೂಲ ರೆಕಾರ್ಡಿಂಗ್ ತೆಗೆದೆ. ಸೋಸಿದ್ದನ್ನೆಲ್ಲ ವಾಪಸ್ ಸೇರಿಸಿ, ಜೋರು ಮಾಡಿ ಕೇಳಿದೆ. ಕೊಸಕೊಸ ಮಾತಾಯಿತು. ಅಕ್ಕ: "ಕೆಳಗೆ ಮೈಕ್ ಇದೆ ರೀ... ಅವನಿಗೆ ಕೇಳುತ್ತೆ." ಭಾವ — ಕಲಿಯುವವರಿಗೆ ಕ್ಲಚ್ ಬಿಡಿ ಎನ್ನುವಷ್ಟೇ ಮೆತ್ತಗೆ: "ಕೇಳ್ಲಿ. ಅವನೇ ಕೇಳಿದ್ದಲ್ವಾ?"

ಧಡ್. ಧಡ್. ಅಕ್ಕ ಉಸಿರೆಳೆದುಕೊಂಡದ್ದು. ಧಡ್.

ಬೀರುವಿಗೆ ಜಜ್ಜಿದ್ದು ಅಕ್ಕನನ್ನು. ನಾನು ಹೇಳಿ ಮಾಡಿಸಿಕೊಂಡೆ. ಜೋರಾಗಿ ಎಂದೆ. ಹೆಬ್ಬೆರಳು ಬೇರೆ ತೋರಿಸಿದೆ. ಥೂ, ನನ್ನ ಕಿವಿಗಿಷ್ಟು ಬೆಂಕಿ ಹಾಕ.

ಫೆಬ್ರವರಿ 20

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಇರಲಿ.

ಊಟಕ್ಕೆ ಬಂದ ಭಾವನ ಕೊರಳಪಟ್ಟಿ ಹಿಡಿದೆ. ಬಾಯಿಗೆ ಒಂದು ಬಿಟ್ಟೆ. ತುಟಿ ಒಡೆದು ರಕ್ತ ಶರ್ಟಿನ ಮೇಲೆ ಬಿತ್ತು. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ನಾನು ಹೊಡೆತಕ್ಕೆ ಸಂಗೀತ ಹಾಕಿ ಬದುಕಿದವನು, ಅವರು ಹೊಡೆದೇ ರೂಢಿಯಾದವರು. ನನ್ನ ಬಲಗೈಯನ್ನು ಬಾಗಿಲ ಸಂದಿಗೆ ಒತ್ತಿ ಹಿಡಿದು ಬಾಗಿಲು ಒದ್ದರು. ಮೂರು ಬೆರಳು.

"ಇದನ್ನೂ ರೆಕಾರ್ಡ್ ಮಾಡ್ಕೋಬೇಕಿತ್ತು ಬಾಮೈದ."

ನಿಜವಾಗಿ ಮೂಳೆ ಮುರಿದಾಗ ಬರುವ ಸದ್ದು ತೀರಾ ಸಣ್ಣದು. ಕಡ್ಡಿ ಮುರಿದ ಹಾಗೆ. ಯಾವ ಗೇಮ್‌ನವರೂ ಒಪ್ಪುವುದಿಲ್ಲ.

ಆಸ್ಪತ್ರೆಯಿಂದ ಬಂದು ಅಕ್ಕನಿಗೆ, "ಬಾ, ಹೋಗೋಣ" ಎಂದೆ. "ಎಲ್ಲಿಗೆ?" ಎಂದಳು. ಪೊಲೀಸ್ ಎಂದೆ. "ಸುಮ್ನಿರು, ನಿನ್ನ ಕೊಂದುಬಿಡ್ತಾರೆ" ಎಂದಳು. ತನ್ನನ್ನು ಎನ್ನಲಿಲ್ಲ.

ಫೆಬ್ರವರಿ 22

ಗಡಿಬಿಡಿಗೆ ಫೋನ್ ಮಾಡಿ ಆ ಪೆಟ್ಟು ತೆಗೆಯಿರಿ ಎಂದೆ. "ತಲೆ ಕೆಟ್ಟಿದೆಯಾ? ಟ್ರೇಲರ್ ಆಗ್ಲೇ ಬಿಟ್ಟಾಗಿದೆ!" ಅದು ಯಾರ ಮೇಲೆ ಬಿದ್ದ ಪೆಟ್ಟು ಎಂದು ಹೇಳಿದೆ. ಕೂಗಾಟ ಬಿಟ್ಟು ಮೆಲ್ಲಗೆ, "ಯಾರಿಗ್ ಗೊತ್ತಾಗುತ್ತೆ ಮೇಷ್ಟ್ರೇ..." ಎಂದ.

ಬಾಯಿಗೆ ಬಂದ ಹಾಗೆ ಬೈದೆ. ಮುಂದಿನ ಎರಡು ಗೇಮೂ ಹೋದವು. ಹಾಳಾಗಿ ಹೋಗಲಿ.

ಫೆಬ್ರವರಿ 25, ಮಧ್ಯಾಹ್ನ 1.40

ಅಕ್ಕ ಕೆಳಗೆ ಓಡಿ ಬಂದಿದ್ದಾಳೆ. ಬರಿಗಾಲು. ಹುಬ್ಬು ಒಡೆದು ರಕ್ತ ಕಣ್ಣಿಗಿಳಿದಿದೆ. ಒಳಗಿನಿಂದ ಚಿಲಕ ಹಾಕಿದ್ದು ಅವಳೇ.

"ಆ ರೆಕಾರ್ಡಿಂಗ್ ಇದೆಯಾ? ಪೂರ್ತಿ?"

"ಇದೆ."

"ಹಾಗಾದ್ರೆ ಪೊಲೀಸಿಗೆ ಫೋನ್ ಮಾಡು."

ಮಾಡಿದೆ. ಹೊರಟಿದ್ದಾರಂತೆ.

ಭಾವ ಹೊರಗೆ. ಮೊದಲು ಮೆತ್ತಗೆ ಕರೆದರು, ಮನೆ ಮರ್ಯಾದೆಯ ಮಾತು. ಈಗ ಭುಜ ಕೊಟ್ಟು ಗುದ್ದುತ್ತಿದ್ದಾರೆ. ತಗಡಿನ ಬಾಗಿಲು. ಧಡ್. ಸೂರಿನ ಸ್ಪಂಜ್ ಮೇಜಿನ ಮೇಲೆ ಉದುರಿತು. ಮೈಕ್ ಆನ್ ಇದೆ, ಈ ಸಲ ಏನೂ ಸೋಸುವುದಿಲ್ಲ. ಏಳಹೋದೆ. ಅಕ್ಕ ಹೆಗಲು ಒತ್ತಿ ಕೂರಿಸಿದಳು. "ಮುರಿದ ಕೈ ಇಟ್ಕೊಂಡು ಏನ್ ಮಾಡ್ತೀಯ? ಟೈಮ್ ಹಾಕಿ ಬರಿ. ಎಲ್ಲಾ ಬರಿ."

ಧಡ್. ಎರಡಾಯಿತು.

ಅಕ್ಕ ಕಣ್ಣು ಮುಚ್ಚಿಲ್ಲ. ಹೆಗಲು ಕುಗ್ಗಿಸಿಲ್ಲ. ಮೈಕ್ ಸ್ಟ್ಯಾಂಡ್ ತಲೆಕೆಳಗೆ ಮಾಡಿ, ಕಬ್ಬಿಣದ ಬುಡ ಮೇಲೆತ್ತಿ ಹಿಡಿದಿದ್ದಾಳೆ.

"ಮೂರನೇದು ನಂದು" ಎಂದು ಚಿಲಕಕ್ಕೆ ಕೈ ಹಾಕಿದ್ದಾ—