ಬ್ಯಾಕೋಡಿನ ದುಗ್ಗಮ್ಮನ ಕೇಸು ಮುಗಿದಿಲ್ಲ

ಮೂರು ತಾಲೂಕುಗಳ ಸಕಲ ದಾವೆ, ತಕರಾರು, ತಡೆಯಾಜ್ಞೆಗಳನ್ನು ಒಂದೇ ಪರದೆಯಲ್ಲಿ ಕಾಣಬಲ್ಲ, ಬಣ್ಣಬಣ್ಣದ ನಕ್ಷೆಗಳ ಏಕಮಾತ್ರ ಅಧಿಪತಿಗಳಾದ, ರಾಜಧಾನಿಯ ಏಳನೇ ಮಹಡಿಯಲ್ಲಿ ವಿರಾಜಮಾನರಾದ ನ್ಯಾಯ ದತ್ತಾಂಶ ವಿಭಾಗದ ನಿರ್ದೇಶಕರ ದಿವ್ಯ ಸನ್ನಿಧಾನಕ್ಕೆ, ಸಾಗರದ ಕೋರ್ಟಿನ ಜೆರಾಕ್ಸ್ ಮೆಷಿನ್ ಪಕ್ಕದ ಕುರ್ಚಿಯಿಂದ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ಬ್ಯಾಕೋಡಿನ ದುಗ್ಗಮ್ಮ ಎಂಬುವವರ ಬೇಲಿ ತಕರಾರಿನ ಕೇಸನ್ನು ತಮ್ಮ ತಂತ್ರಾಂಶ ಮುಗಿಸಿಬಿಟ್ಟಿದೆ. ನ್ಯಾಯಾಧೀಶರು ಮುಗಿಸಿಲ್ಲ, ವಕೀಲರು ಮುಗಿಸಿಲ್ಲ, ಎದುರು ಪಕ್ಷದ ಮಂಜಯ್ಯನಿಗೂ ಅಷ್ಟು ಧೈರ್ಯ ಬಂದಿರಲಿಲ್ಲ.

ಹೇಗೆಂದು ವಿನಮ್ರವಾಗಿ ವಿವರಿಸುತ್ತೇನೆ. ನಮ್ಮ ಕಡತಗಳಲ್ಲಿ ಇಂಥವರ ಮಗ ಎನ್ನಲು ‘ಬಿನ್’, ಇಂಥವರ ಹೆಂಡತಿ ಎನ್ನಲು ‘ಕೋಂ’ ಎಂದು ಬರೆಯುವ ರೂಢಿ. ‘ದುಗ್ಗಮ್ಮ ಕೋಂ ಹೂವಪ್ಪ’ ಎಂದರೆ ಹೂವಪ್ಪನ ಹೆಂಡತಿ ದುಗ್ಗಮ್ಮ. ತಂತ್ರಾಂಶ ಬರೆದ ಮಹಾನುಭಾವರು ಈ ‘ಬಿನ್’, ‘ಕೋಂ’ಗಳನ್ನೇ ಮನೆತನದ ಹೆಸರೆಂದು ತಿಳಿದರು. ಹಾಗಾಗಿ ತಮ್ಮ ವಾರ್ಷಿಕ ವರದಿಯ ಪ್ರಕಾರ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಅತಿ ಹೆಚ್ಚು ವ್ಯಾಜ್ಯ ಹೂಡುವ ಕುಟುಂಬ ‘ಬಿನ್’, ಎರಡನೆಯದು ‘ಕೋಂ’. ಈ ಎರಡು ಕುಟುಂಬಗಳನ್ನು ಕೂರಿಸಿ ರಾಜಿ ಮಾಡಿಸಿದರೆ ಬಾಕಿ ಪ್ರಕರಣಗಳು ಅರ್ಧಕ್ಕಿಳಿಯುತ್ತವೆ ಎಂಬ ಶಿಫಾರಸೂ ಇದೆ. ಅದರ ಕೆಳಗೆ ತಮ್ಮ ಸಹಿಯೂ ಇದೆ. ಅಪ್ಪಣೆಯಾಗಲಿ, ಎಷ್ಟು ಕುರ್ಚಿ ಹಾಕಿಸಲಿ?

ನಾನೂ ನಕ್ಕೆ. ಆದರೆ ಹೊಸನಗರದಲ್ಲೂ ಒಬ್ಬರು ದುಗ್ಗಮ್ಮ ಕೋಂ ಹೂವಪ್ಪ ಇದ್ದಾರೆ. ಅವರದೂ ಬೇಲಿ ತಕರಾರೇ. ಹೋದ ವರ್ಷ ರಾಜಿಯಾಯಿತು. ತಂತ್ರಾಂಶ ಇಬ್ಬರನ್ನೂ ಒಬ್ಬರೆಂದು ಬಗೆದು, ಬ್ಯಾಕೋಡಿನವರ ಕೇಸಿಗೂ ‘ವಿಲೇವಾರಿ’ ಎಂದು ಹಸಿರು ಬಳಿದು ವಾಯಿದೆ ಪಟ್ಟಿಯಿಂದ ಹೊರಹಾಕಿತು. ಇತ್ತ ಮಂಜಯ್ಯ ಕಾಲುದಾರಿಗೆ ಅಡ್ಡ ಎಳೆದ ಮುಳ್ಳುತಂತಿ ಹಾಗೇ ಇದೆ. ಅರವತ್ತೆಂಟರ ದುಗ್ಗಮ್ಮ ಬಸ್ಸು ಹಿಡಿಯಲು ಹಳ್ಳ ದಾಟಿ ಮುಕ್ಕಾಲು ಗಂಟೆ ಸುತ್ತುತ್ತಾರೆ.

ಏಳು ವಾರದ ಹಿಂದೆ ಒಂದು ಮಂಗಳವಾರ, ಕೋರ್ಟಿನಲ್ಲಿ ಹೆಸರು ಕೂಗುವ ತಿಮ್ಮಣ್ಣ ದುಗ್ಗಮ್ಮನವರನ್ನು ನನ್ನ ಬಳಿ ಕರೆತಂದ.

“ಅಜ್ಜೀ, ನಿಮ್ ಕೇಸು ಮುಗ್ದೈತೆ ಅಂತ ಕಂಪ್ಯೂಟರ್ ಹೇಳ್ತೈತೆ. ಈ ಸರ್‌ನ ಕೇಳಿ.”

“ಮುಗ್ದಿದ್ದು ಬೇಲಿಗೆ ಯಾರೂ ಹೇಳ್ಲಿಲ್ವಾ ಹಂಗಾರೆ?” ಎಂದ ದುಗ್ಗಮ್ಮ ನನ್ನತ್ತ ತಿರುಗಿದರು. “ನೀ ಎಂತ ಕೆಲ್ಸ ಮಾಡ್ತೀಯ ತಮಾ?”

“ದತ್ತಾಂಶ ವಿಜ್ಞಾನಿ, ಅಮ್ಮಾ.”

“ಆಗ್ಲಿ ಬಿಡು, ಹೊಟ್ಟೆಪಾಡು. ಉಂಡ್ಯಾ?”

ಮಾನ್ಯರೇ, ಒಂಬತ್ತು ತಿಂಗಳ ಸೇವೆಯಲ್ಲಿ ಮೂರು ತಾಲೂಕಿನಲ್ಲಿ ಯಾರೂ ನನ್ನನ್ನು ಕೇಳದ ಪ್ರಶ್ನೆ ಅದು. ಸೋಮ, ಮಂಗಳ ಸಾಗರ, ಬುಧವಾರ ಹೊಸನಗರ, ಆಮೇಲೆ ತೀರ್ಥಹಳ್ಳಿ. ಎಲ್ಲೆಡೆ ನನ್ನ ಹೆಸರು ‘ಕಂಪ್ಯೂಟರ್ ಸರ್’, ನನ್ನ ವಿಜ್ಞಾನ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆ ಎಳೆಯುವುದು. ಎಷ್ಟೋ ಬುಧವಾರ ನಾನು ಆಡುವ ಏಕೈಕ ಮಾತು ಕಂಡಕ್ಟರಿಗೆ ಹೇಳುವ ಊರಿನ ಹೆಸರು. ತಮಗೆ ಕಳಿಸುವ ಮಾಸಿಕ ವರದಿಯ ಒಂಬತ್ತನೇ ಪುಟದಲ್ಲಿ ‘ಇಲ್ಲಿಯವರೆಗೆ ಓದಿದವರಿಗೆ ನನ್ನ ಕಡೆಯಿಂದ ಮಸಾಲೆ ದೋಸೆ’ ಎಂದು ಎಂಟು ತಿಂಗಳಿಂದ ಸೇರಿಸುತ್ತಿದ್ದೇನೆ. ‘ಕೂಲಂಕಷವಾಗಿ ಪರಿಶೀಲಿಸಲಾಗಿದೆ’ ಎಂಬ ಉತ್ತರ ತಪ್ಪದೆ ಬರುತ್ತದೆ. ದೋಸೆ ಕೇಳಿಕೊಂಡು ಮಾತ್ರ ಯಾರೂ ಬಂದಿಲ್ಲ.

ದುಗ್ಗಮ್ಮ ಪ್ರತಿ ಮಂಗಳವಾರ ಬಂದರು. ತಿಮ್ಮಣ್ಣ ಕೊನೆಯ ಹೆಸರು ಕೂಗುವವರೆಗೆ ಬಾಗಿಲ ಬಳಿ ನಿಂತು, ಆಮೇಲೆ ನನ್ನ ಪಕ್ಕ ಕೂತು ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಿದ್ದರು. ಎಮ್ಮೆಯ ಹಟ, ಸೊಸೆಯ ಮೌನ, ಮಂಜಯ್ಯನ ಮೀಸೆ, ಎಲ್ಲ ನನಗೆ ಕಂಠಪಾಠವಾಯಿತು. ಮೊನ್ನೆ ಕುಂಟುತ್ತ ಬಂದರು. ಹಳ್ಳದಲ್ಲಿ ಕಾಲು ಜಾರಿತಂತೆ.

“ಇವತ್ತು ಬರದೆ ಇರಬಹುದಿತ್ತಲ್ಲ ಅಮ್ಮಾ?”

“ಕೂಗಿದಾಗ ನಾ ಇಲ್ದೆ ಇದ್ರೆ ಎಂತ ಗತಿ ಮಾರಾಯ?”

ಆದ್ದರಿಂದ ಬೇಡಿಕೆ ಇಷ್ಟೇ. ಅವರ ಕೇಸು ಈ ವಾರವೇ ಪಟ್ಟಿಗೆ ಮರಳಲಿ. ಕಡತವನ್ನು ಮನುಷ್ಯರೊಬ್ಬರು ತೆರೆದು ನೋಡದೆ ಇನ್ನು ಯಾವ ಕೇಸಿಗೂ ಹಸಿರು ಬೀಳದಿರಲಿ.

ಇಂತಿ,
ಪ್ರಿಂಟರ್ ಸರಿಯಾದ ಮೇಲೆ ಯಾರ ನೆನಪಿಗೂ ಬಾರದ,
ಶ್ರೀರಂಗ
ಕಿರಿಯ ದತ್ತಾಂಶ ವಿಜ್ಞಾನಿ

ತಾ.ಕ.: ಇಂಥ ತಪ್ಪು ತಿದ್ದಲು ಒಂದು ಪುಟದ ಅರ್ಜಿ ಇದೆ. ಅದನ್ನು ಕಳಿಸಬೇಕಾದವನು ನಾನೇ. ಕಳಿಸಿದರೆ ಎರಡು ದಿನದ ಕೆಲಸ. ದುಗ್ಗಮ್ಮ ಮೊದಲ ದಿನವೇ ಸಹಿ ಹಾಕಿ ಕೊಟ್ಟಿದ್ದರು. ಕಳಿಸಿದ್ದರೆ ಅವರಿಗೆ ವಾಯಿದೆ ದಿನ ಬಿಟ್ಟು ಬೇರೆ ಮಂಗಳವಾರ ಬರುವ ಅಗತ್ಯ ಇರುತ್ತಿರಲಿಲ್ಲ. ಏಳು ವಾರ ನನ್ನ ಚೀಲದಲ್ಲಿದ್ದ ಆ ಅರ್ಜಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ.