ಕೂಗದ ಅಲಾರ್ಮು

ಪ್ರಿನ್ಸ್‌ಟನ್, ಫೆಬ್ರವರಿ 2009

ಅಕ್ರಂ ಅಂಕಲ್‌ಗೆ ನಮಸ್ಕಾರ,

ಬೇಸ್‌ಮೆಂಟಿನ ಮುರಳಿ ಗಲಾಟೆ ಮಾಡುತ್ತಾನೆ, ಮನೆ ಖಾಲಿ ಮಾಡಿಸಿ ಎಂದು ನಿಮ್ಮ ಹಿಂದೆ ಬಿದ್ದವನು ನಾನೇ. ಈಗ ದಯವಿಟ್ಟು ಆ ನೋಟಿಸ್ ವಾಪಸ್ ತೆಗೆದುಕೊಳ್ಳಿ. ಬ್ಯಾಂಕಿನವರು ಕೆಲಸದ ಆಫರ್ ರದ್ದು ಮಾಡಿದಾಗಿನಿಂದ ಕಿರುಚಾಡುತ್ತಿದ್ದವನು, ನಿಮ್ಮ ನೋಟಿಸ್ ಕೈಗೆ ಸಿಕ್ಕಮೇಲೆ ತುಂಬಾ ಒಳ್ಳೆಯವನಾಗಿದ್ದಾನೆ. ನಮ್ಮ ಪಾತ್ರೆಗಳನ್ನೂ ತೊಳೆದಿಡುತ್ತಾನೆ.

ಒಗ್ಗರಣೆ ಹೊಗೆಗೆ ಕೂಗದಿರಲಿ ಎಂದು ನಾವು ಅಡುಗೆಮನೆಯ ಸ್ಮೋಕ್ ಅಲಾರ್ಮಿನ ಬ್ಯಾಟರಿ ತೆಗೆದು, ಊಟವಾದ ಮೇಲೆ ಹಾಕುತ್ತಿದ್ದೆವು. ತಪ್ಪೇ, ಬೈಯಿರಿ. ಆದರೆ ಭಾನುವಾರ ನೋಡಿದರೆ ನಾವು ಮಲಗುವ ರೂಮುಗಳ ಅಲಾರ್ಮಿನಲ್ಲೂ ಬ್ಯಾಟರಿ ಇರಲಿಲ್ಲ. ಹೊಸದು ಹಾಕಿದೆ, ಸಂಜೆಗೆ ಅವೂ ಮಾಯ. ಕೇಳಿದ್ದಕ್ಕೆ ಮುರಳಿ ನಕ್ಕ. "ನಾನೇ ತೆಗೆದಿಟ್ಟಿದೀನಿ ಕಣೋ. ನಿಮಗೆ ಗಲಾಟೆ ಆಗಲ್ವಲ್ಲ. ಇನ್ಮೇಲೆ ಯಾವ ಸದ್ದೂ ನಿಮ್ಮನ್ನ ಡಿಸ್ಟರ್ಬ್ ಮಾಡಲ್ಲ," ಅಂದ.

ನೀವು ಮನೆಯಲ್ಲಿಲ್ಲ, ಫೋನೂ ತೆಗೆಯುತ್ತಿಲ್ಲ. ಅದಕ್ಕೇ ಈ ಪತ್ರವನ್ನು ನಿಮ್ಮ ಮನೆ ಬಾಗಿಲಿಗೆ ಸಿಕ್ಕಿಸಿ ಹೋಗುತ್ತಿದ್ದೇನೆ. ನೋಡಿದ ತಕ್ಷಣ ಬನ್ನಿ, ಬೇಸ್‌ಮೆಂಟಿನ ಕೀ ಮರೆಯಬೇಡಿ. ಇವತ್ತು ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರೂ ಒಲೆ ಹಚ್ಚಿರಲಿಲ್ಲ. ಆದರೂ ಕೆಳಗಿನಿಂದ ಹೊಗೆಯ ವಾಸನೆ ಬರುತ್ತಿತ್ತು.

ನಿಮ್ಮ ಬಾಡಿಗೆ ಮನೆಯ ಮಹಡಿ ರೂಮಿನ
ಶಶಾಂಕ