ಸ್ಟೆಂಟ್ ಹೊತ್ತ ಮಹಾರಾಜ

ಆಗಸ್ಟ್ ೧೯, ರಾತ್ರಿ

ಮಹಾಜನಗಳೇ, ಸಭಿಕರೇ! ಇಂದಿನ ಸಭೆಗೆ ದಯಮಾಡಿಸಿರುವುದು ಎರಡು ದಿಂಬು, ಒಂದು ನೀರಿನ ಬಾಟಲಿ.

ಕಿಡ್ನಿಯ ಕಲ್ಲನ್ನು ಲೇಸರ್ ಪುಡಿ ಮಾಡಿತು. ಒಳಗಿಟ್ಟ ಸ್ಟೆಂಟ್ ಎಂಬ ನಳಿಕೆ ಮಾತ್ರ ಇನ್ನೂ ಇದೆ. ಅದನ್ನು ತೆಗೆಸುವ ತನಕ ರಂಗ ಹತ್ತಬಾರದೆಂದು ಡಾಕ್ಟರ ಅಪ್ಪಣೆ. ತೆಗೆಸಬೇಕಾದ ದಿನ ನಾನು ಹೆದರಿ, ನೆಗಡಿಯ ನೆಪ ಹೇಳಿ ತಪ್ಪಿಸಿಕೊಂಡೆ.

ಸಂಜೆ ನಾಟಕದ ಹೊತ್ತಿಗೆ, ಮರೆತ ಮಾತು ಎತ್ತಿಕೊಡುವ ನಮ್ಮ ಪ್ರಾಂಪ್ಟರ್ ನನಗೆ ಫೋನ್ ಮಾಡಿ, ಅದನ್ನು ಪರದೆಯ ಪಕ್ಕ ಹಿಡಿದ. ನನ್ನ ಮಹಾರಾಜ ಬೇರೊಬ್ಬನ ಬಾಯಲ್ಲಿ! ಚಪ್ಪಾಳೆ ಬಿತ್ತು, ಬೀಳಲಿ. ಆದರೆ ಸಿಂಹಾಸನದಿಂದ ಎದ್ದು ಬಾಯಿ ತೆರೆಯುವ ಮುನ್ನ ಜನರೆಲ್ಲ ಉಸಿರು ಬಿಗಿಹಿಡಿಯುತ್ತಾರಲ್ಲ, ಆ ಮೌನ ಕೇಳಿಸಲೇ ಇಲ್ಲ. ನನ್ನ ಪಾತ್ರ ಹಾಕಿದ ಪುಣ್ಯಾತ್ಮ ಅಷ್ಟು ಹೊತ್ತು ಕಾಯಲಿಲ್ಲ. ತಡೆಯಲಾರದೆ ಮಂಚದ ಮೇಲೆ ನಾನೇ ಎದ್ದು ಗರ್ಜಿಸಿದೆ. ನಳಿಕೆ ತಿವಿಯಿತು. "ಅಯ್ಯೋ, ಸತ್ತೆ!"

"ಈ ಸೀನು ಪರವಾಗಿಲ್ಲ ಕಣ್ರೀ," ಎಂದಳು ಹೆಂಡತಿ ಅಡುಗೆಮನೆಯಿಂದ. ಬಂದು ಮುಖ ನೋಡಿದವಳೇ ಬೆನ್ನು ನೀವತೊಡಗಿದಳು. "ಸ್ಟೇಜ್ ಮೇಲೆ ದಿನಾ ಸಾಯ್ತೀರಿ, ಇಷ್ಟುದ್ದ ಟ್ಯೂಬಿಗೆ ಹೆದರ್ತೀರಲ್ಲ!"

"ಸಾಯೋದಕ್ಕೆ ರಿಹರ್ಸಲ್ ಆಗಿದೆ ಕಣೇ. ಇದಕ್ಕೆಲ್ಲಿ ಆಗಿದೆ?"

ನಕ್ಕಳು. ಈಗ ಮಲಗಿದ್ದಾಳೆ. ನನ್ನ ಕಿವಿ ಇನ್ನೂ ಆ ಮೌನಕ್ಕೇ ಹಾತೊರೆಯುತ್ತಿದೆ. ಆಗಲಿ. ನಾಳೆ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಅಲ್ಲಿಗೆ ಹೋಗಿ ನಿಂತು, "ತೆಗೆಯಿರಿ" ಎನ್ನುತ್ತೇನೆ.